ಕೊಟ್ಟಿಗೆಯಲ್ಲಿ ಶರೀರಶಾಸ್ತ್ರ

ಬಿ.ಎ. ಓದುವವನಿಗೆ ಶರೀರಕ್ರಿಯಾಶಾಸ್ತ್ರವೇಕೆ, ಅದು ಬಳ್ಳಾರಿಯ ವೈದ್ಯಕೀಯ ಕಾಲೇಜಿನವರ ಪಾಲು ಎನ್ನುವ ಮಿತ್ರರುಂಟು. ಈ ಮಾತನ್ನು ನಾನು ಒಪ್ಪಲಾರೆ. ಎಮ್ಮೆ ಕಟ್ಟಿದ ಪ್ರತಿ ಮನೆಯಲ್ಲಿಯೂ ಆ ಶಾಸ್ತ್ರದ ಒಂದು ಅಧ್ಯಾಯ ದಿನಕ್ಕೆರಡು ಸಲ ನಡೆಯುತ್ತಿರುತ್ತದೆ.

ನಮ್ಮ ಬುಕ್ಕಸಾಗರದ ಹೆಂಗಸರನ್ನು ಕೇಳಿ ನೋಡಿರಿ. ಮೊದಲು ಕರು ಬಿಡಬೇಕು, ಗದ್ದಲವಾಗಬಾರದು, ಗುರುತಿಲ್ಲದ ಕೈ ಹಿಂಡಲು ಬಂದರೆ ಎಮ್ಮೆ ಹಾಲಿಳಿಸದು ಎನ್ನುತ್ತಾರೆ. ಕಾರಣವನ್ನು ಮಾತ್ರ ಅವರಿಗೆ ಯಾರೂ ಹೇಳಿಲ್ಲ. ಕರು ಮೊಲೆಗೆ ಬಾಯಿ ಹಾಕಿದೊಡನೆ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕಿಳಿದು ಕೆಚ್ಚಲನ್ನು ಸೇರುತ್ತದೆ. ಅಲ್ಲಿ ಹಾಲಿನ ಪುಟ್ಟ ಚೀಲಗಳನ್ನು ಸುತ್ತಿರುವ ಜೀವಕೋಶಗಳು ಬಿಗಿದು ಹಾಲನ್ನು ಹೊರದೂಡುತ್ತವೆ. ಹೆದರಿದ ಎಮ್ಮೆಯಲ್ಲಿ ಅಡ್ರಿನಲಿನ್ ಅಡ್ಡಬರುತ್ತದೆ. (ಈ ವಿಷಯದಲ್ಲಿ ಎಮ್ಮೆ ಆಕಳಿಗಿಂತ ನಿಧಾನಿ, ಹಿಂಡುವವರಿಗೆ ತಾಳ್ಮೆ ಬೇಕು.)

ಹೆತ್ತ ತಾಯಿಯಲ್ಲಿಯೂ ಇದೇ ಕ್ರಿಯೆ. ಕೂಸನ್ನು ಕೂಡಲೇ ಎದೆಗಿಟ್ಟರೆ ಹಾಲಿಳಿಯುವುದಲ್ಲದೆ ಗರ್ಭಕೋಶವೂ ಬಿಗಿಯುತ್ತದೆ. ಪಿಟ್ಯುಟರಿ ಸಾರಕ್ಕೆ ಈ ಬಿಗಿಯುವ ಗುಣವಿರುವುದನ್ನು 1906ರಲ್ಲಿ ಹೆನ್ರಿ ಡೇಲ್ ತೋರಿಸಿದರು. 1953ರಲ್ಲಿ ಡು ವಿಗ್ನೋ ಇದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ, 1955ರಲ್ಲಿ ನೊಬೆಲ್ ಪಡೆದರು. ಇಂದು ಹೆರಿಗೆಯಾದೊಡನೆ ಕೊಡುವ 10 ಯೂನಿಟ್ಟಿನ ಒಂದು ಚುಚ್ಚುಮದ್ದು ರಕ್ತಸ್ರಾವವನ್ನು ತಡೆದು ಎಷ್ಟೋ ಬಾಣಂತಿಯರನ್ನು ಉಳಿಸುತ್ತಿದೆ.

ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಇದನ್ನು ಹೇಳಿದಾಗ ಅವ್ವ, "ಹಂಗಾದ್ರ ಎಮ್ಮಿಗೂ ಬಾಣಂತಿಗೂ ಒಂದಽ ಮದ್ದೇನು?" ಎಂದಳು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ನಾನು ಕಂಡಿಲ್ಲ.

ಒಂದೇ ಮದ್ದಾದುದೇ ತೊಡಕಾಗಿದೆ. ಕರುವಿನ ಗೊಡವೆ ಬೇಡವೆಂದು ಎಮ್ಮೆಗೆ ಅದನ್ನೇ ಚುಚ್ಚುವವರು ದೇಶದಲ್ಲಿದ್ದಾರೆ. ಮದ್ದು ಹಾಲನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಇಳಿಸುತ್ತದೆ. ದಿನವೂ ಚುಚ್ಚಿದರೆ ಎಮ್ಮೆ ಸೂಜಿಯಿಲ್ಲದೆ ಹಾಲಿಳಿಸದಂತಾಗಬಹುದು. ಈ ದುರುಪಯೋಗ ತಡೆಯಲು 2018ರಲ್ಲಿ ಕೇಂದ್ರ ಸರಕಾರ ಖಾಸಗಿ ತಯಾರಿಕೆಯನ್ನು ನಿಷೇಧಿಸಿ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಸಂಸ್ಥೆಯೊಂದಕ್ಕೇ ಅದನ್ನು ಒಪ್ಪಿಸಹೊರಟಿತು. ಬಾಣಂತಿಯರಿಗೆ ಮದ್ದಿನ ಅಭಾವವಾದೀತೆಂಬ ಭಯ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಆ ನಿಷೇಧವನ್ನು ರದ್ದುಮಾಡಿತು. ಕೊಟ್ಟಿಗೆಯ ಬಾಗಿಲಿಗೆ ಹಾಕಿದ ಬೀಗ ಹೆರಿಗೆಮನೆಗೂ ಬೀಳುವುದಾದರೆ, ಕಾನೂನೊಂದನ್ನೇ ನಂಬಿ ಕೂಡುವುದೆಂತು? ಹಿಂಡುವ ಕೈಗೂ ವಿಷಯ ತಿಳಿದಿರಬೇಡವೆ?

ತಿಳಿಸುವುದು ಕನ್ನಡದಲ್ಲಿಯೇ ಆಗಬೇಕು. ಕಾರಂತರು 'ವಿಜ್ಞಾನ ಪ್ರಪಂಚ' ಬರೆದು ಆರು ದಶಕಗಳಾದ ಮೇಲೂ ನಮ್ಮ ಭಾಷೆಗೆ ಶಾಸ್ತ್ರ ಹೇಳುವ ಕಸುವಿಲ್ಲವೆನ್ನುವುದು ಬರಿಯ ಸೋಮಾರಿತನ. ಸರಕಾರಿ ಕಲಾ ಕಾಲೇಜುಗಳಲ್ಲಿ ವಾರಕ್ಕೊಂದು ಗಂಟೆ ಸಾಕು. ಒಂದು ವಾರ ಪಶುವೈದ್ಯರು ಬರಲಿ, ಮರುವಾರ ಹೆರಿಗೆ ಮಾಡಿಸುವ ದಾದಿ ಬರಲಿ. ಪರೀಕ್ಷೆ ಇಟ್ಟರೂ ನನ್ನ ತಕರಾರಿಲ್ಲ.