ಹೈಫಾ ಮತ್ತು ನಮ್ಮ ವೀರಗಲ್ಲುಗಳು

ಹುಣಸೂರು, ಪಿರಿಯಾಪಟ್ಟಣ ಸೀಮೆಯ ವೀರಗಲ್ಲನ್ನು ಓದುವಾಗ ನಾವು ಮೊದಲು ಕೇಳುವುದು, ವೀರನು ಮಡಿದದ್ದು ಯಾವ ಕಾರಣಕ್ಕೆ ಎಂದು: ತುರುಗೋಳೋ, ಊರಳಿವೋ, ಗಡಿಕಾಳಗವೋ? 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ತುರ್ಕರಿಂದ ಗೆದ್ದ ದಾಳಿಯಲ್ಲಿ ಜೋಧಪುರದವರೊಡನೆ ಮೈಸೂರಿನ ಅಶ್ವದಳವೂ ಇತ್ತು. ಆ ಶೌರ್ಯವನ್ನು ಕೊಂಡಾಡುವಾಗ ಮಾತ್ರ ಕಾರಣದ ಪ್ರಶ್ನೆ ಏಳುವುದಿಲ್ಲ. ಈ ಮೌನ ನನಗೆ ಒಪ್ಪಿಗೆಯಿಲ್ಲ.

1917ರ ನವೆಂಬರ್ 2ರ ಬಾಲ್ಫರ್ ಘೋಷಣೆಯಲ್ಲಿಯೇ ಬ್ರಿಟನ್ನು ಪ್ಯಾಲೆಸ್ಟೈನಿನಲ್ಲಿ ಯಹೂದಿಯರ ರಾಷ್ಟ್ರೀಯ ನೆಲೆಗೆ ಬೆಂಬಲ ಸಾರಿತ್ತು. ಬಹುಸಂಖ್ಯಾತರಾಗಿದ್ದ ಅರಬರನ್ನು ಕೇಳಿರಲಿಲ್ಲ. ಯುರೋಪಿನಲ್ಲಿ ಯಹೂದಿಯರು ಉಂಡ ಸಂಕಟವೂ ಸುಳ್ಳಲ್ಲ. 1948ರ ಏಪ್ರಿಲ್‌ನಲ್ಲಿ ಹೈಫಾದ ಬಹುಪಾಲು ಅರಬರು ಊರು ತೊರೆದರು. ನಮ್ಮ ಸವಾರರು ಇದಾವುದನ್ನೂ ಊಹಿಸಿರಲಾರರು.

2018ರಲ್ಲಿ ದೆಹಲಿಯ ತೀನ್‌ಮೂರ್ತಿ ವೃತ್ತಕ್ಕೆ ಹೈಫಾದ ಹೆಸರು ಸೇರಿತು. ಅಲ್ಲಿನ ಮೂರು ಪ್ರತಿಮೆಗಳಲ್ಲೊಂದು ಮೈಸೂರಿನ ಸವಾರನದು.