ಪೈಲಟ್ ಆಗಲಿ, ಆದರೆ ಮನೆ ಮಾರಿ ಅಲ್ಲ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ಈ ಪುಟಕ್ಕೆ ಬರುವ ಫೋನುಗಳಲ್ಲಿ ಮೊದಲೆಲ್ಲ ಮೆಡಿಕಲ್, ಇಂಜಿನಿಯರಿಂಗ್, ನರ್ಸಿಂಗ್ ಬಗ್ಗೆಯೇ ಪ್ರಶ್ನೆ ಇರುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಸೇರಿಕೊಂಡಿದೆ. "ಮಗನಿಗೆ ಪೈಲಟ್ ಆಗ್ಬೇಕಂತೆ. ಒಟ್ಟು ಎಷ್ಟಾಗ್ತದೆ? ಜಾಗ ಮಾರಿದ್ರೆ ಸಾಕಾಗ್ಬಹುದಾ?" ದಮ್ಮಾಮ್‌ನಿಂದ ಉಪ್ಪ ಕೇಳುತ್ತಾರೆ. ಊರಿನಿಂದ ಉಮ್ಮ ತನ್ನ ಚಿನ್ನದ ಲೆಕ್ಕ ಹೇಳುತ್ತಾರೆ. ಕೆಲವೊಮ್ಮೆ ಮಗಳ ಪರವಾಗಿಯೂ ಇದೇ ಪ್ರಶ್ನೆ ಬರುತ್ತದೆ.

ಈ ಆಸೆಯಲ್ಲಿ ಆಶ್ಚರ್ಯವೇನೂ ಇಲ್ಲ. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಗುವ ತನಕ ಮುಂಬೈಗೆ ಬಸ್ಸಲ್ಲಿ ಹೋಗಿ, ಅಲ್ಲಿ ದಿನಗಟ್ಟಲೆ ಕಾದು ಗಲ್ಫ್ ವಿಮಾನ ಹತ್ತಿದವರು ನಮ್ಮ ಹಿರಿಯರು. ಉಪ್ಪನನ್ನು ಬಿಡಲಿಕ್ಕೆ, ಕರೆತರಲಿಕ್ಕೆ ಏರ್‌ಪೋರ್ಟಿಗೆ ಹೋಗಿ ಬಂದು ಬೆಳೆದ ಮಕ್ಕಳಿಗೆ ಆ ವಿಮಾನವನ್ನು ತಾನೇ ಹಾರಿಸಬೇಕು ಅನ್ನಿಸುವುದು ಸಹಜ. ಬ್ಯಾರಿ ಮಕ್ಕಳು ಕಾಕ್‌ಪಿಟ್‌ನಲ್ಲಿ ಕೂರಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ನಮ್ಮ ಚಿಂತೆ ಇರುವುದು ಅದಕ್ಕಾಗಿ ಮನೆಯವರು ಹಣ ಹೊಂದಿಸುತ್ತಿರುವ ರೀತಿಯ ಬಗ್ಗೆ.

ಮೊದಲು ಲೆಕ್ಕ ನೋಡೋಣ. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್‌ಗೆ 18 ವರ್ಷ ತುಂಬಿರಬೇಕು, ಕನಿಷ್ಠ 200 ಗಂಟೆ ವಿಮಾನ ಹಾರಿಸಿರಬೇಕು. ತರಬೇತಿ ವಿಮಾನದ ಒಂದು ಗಂಟೆಗೆ 15ರಿಂದ 20 ಸಾವಿರ ರೂಪಾಯಿ ಎಂದಿಟ್ಟುಕೊಂಡರೂ ಹಾರಾಟಕ್ಕೇ 30ರಿಂದ 40 ಲಕ್ಷ. ಕೋಚಿಂಗ್, ಪರೀಕ್ಷೆ, ವೈದ್ಯಕೀಯ ತಪಾಸಣೆ, ಹಾಸ್ಟೆಲ್, ಊಟ ಎಲ್ಲ ಸೇರಿದರೆ ಭಾರತದಲ್ಲಿ ಇಂದು 45ರಿಂದ 60 ಲಕ್ಷ ಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ಸಣ್ಣ ವಿಮಾನದಲ್ಲಿ ಕಲಿತ ಹುಡುಗ ಏರ್‌ಬಸ್ 320 ಅಥವಾ ಬೋಯಿಂಗ್ 737 ಹಾರಿಸಬೇಕಾದರೆ ಆ ಮಾದರಿಗೆಂದೇ 'ಟೈಪ್ ರೇಟಿಂಗ್' ಮಾಡಬೇಕು. ಅದಕ್ಕೆ ಇನ್ನೂ 15ರಿಂದ 25 ಲಕ್ಷ. ವಿಮಾನ ಕಂಪನಿಗಳೇ ನಡೆಸುವ ಕೆಡೆಟ್ ಯೋಜನೆಗಳಿಗೆ ಒಂದು ಕೋಟಿಯ ಆಸುಪಾಸು ಬೇಕಾಗುತ್ತದೆ. ಏಜೆಂಟರು ಕೊಡುವ ಬಣ್ಣದ ಕರಪತ್ರದಲ್ಲಿ ಕಾಣುವುದು ಹೆಚ್ಚಾಗಿ ಮೊದಲಿನ ಅಂಕಿ ಮಾತ್ರ.

ಎರಡನೆಯದು ಸಮಯ. ಕಾಗದದ ಮೇಲೆ ಕೋರ್ಸು ಒಂದೂವರೆ, ಎರಡು ವರ್ಷ. ಮಳೆ, ಮಂಜು, ವಿಮಾನ ರಿಪೇರಿ, ಬೋಧಕರ ಕೊರತೆ ಎಂದು ಅದು ಮೂರು ವರ್ಷಕ್ಕೆ ಹೋದ ಉದಾಹರಣೆಗಳು ಬೇಕಾದಷ್ಟಿವೆ. ಹುಡುಗ ಹಾರದೆ ಕೂತ ತಿಂಗಳಿಗೂ ಹಾಸ್ಟೆಲ್ ಬಾಡಿಗೆ ಇದ್ದೇ ಇರುತ್ತದೆ.

ಮೂರನೆಯದನ್ನು ನಮ್ಮ ಮನೆಗಳಲ್ಲಿ ಯಾರೂ ಸರಿಯಾಗಿ ಹೇಳುತ್ತಿಲ್ಲ. ಲೈಸೆನ್ಸ್ ಸಿಕ್ಕಿದ ದಿನ ಕೆಲಸ ಸಿಗುವುದಿಲ್ಲ. 2023ರಲ್ಲಿ ದೇಶದಲ್ಲಿ 1,622 ಸಿಪಿಎಲ್ ಕೊಡಲಾಯಿತು. ಅಷ್ಟೂ ಜನ ಅದೇ ಕೆಲವು ಕಂಪನಿಗಳ ಬಾಗಿಲಲ್ಲಿ ನಿಲ್ಲುತ್ತಾರೆ. ಲಿಖಿತ ಪರೀಕ್ಷೆ, ಮನೋಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ, ಸಂದರ್ಶನ ದಾಟಿದವರಿಗೆ ಮಾತ್ರ ಪ್ರವೇಶ. ಉಳಿದವರು ಮುಂದಿನ ನೇಮಕಾತಿಗೆ ಕಾಯಬೇಕು. ಕಾಯುವಾಗಲೂ ಲೈಸೆನ್ಸ್ ಊರ್ಜಿತವಾಗಿಟ್ಟುಕೊಳ್ಳಲು ಹಾರಾಟ, ತಪಾಸಣೆ ಎಂದು ಖರ್ಚು ತಪ್ಪುವುದಿಲ್ಲ.

"ಪೇಪರಿನಲ್ಲಿ ಪೈಲಟ್ ಕೊರತೆ ಅಂತ ಬರ್ತದಲ್ಲ?" ಎಂದು ಕೇಳುತ್ತಾರೆ. ಬರುತ್ತದೆ, ಅದು ಸುಳ್ಳೂ ಅಲ್ಲ. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿ ಪ್ರಕಟಿಸಿತು, ಜೂನ್‌ನಲ್ಲಿ ಇಂಡಿಗೋ 500 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಆದರೆ ಅವು ಒಂದೇ ವರ್ಷ ಬರುವುದಿಲ್ಲ. ಕಂಪನಿಗಳಿಗೆ ಹೆಚ್ಚು ಕೊರತೆ ಇರುವುದು ಕ್ಯಾಪ್ಟನ್‌ಗಳದ್ದು, ಅನುಭವಸ್ಥರದ್ದು. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿದ್ಧವಾಗಿರದ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡಬೇಕಾಯಿತು. ಆ ಕೊರತೆಯನ್ನು 200 ಗಂಟೆಯ ಹುಡುಗ ತುಂಬಲಾರ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸಿಗೇ 1,500 ಗಂಟೆ ಹಾರಿರಬೇಕು. ಗಲ್ಫ್‌ನ ದೊಡ್ಡ ಕಂಪನಿಗಳ ಕನಸೂ ಹಾಗೆಯೇ. ಹೊರಗಿನಿಂದ ನೇಮಿಸಿಕೊಳ್ಳುವಾಗ ಅವು ದೊಡ್ಡ ವಿಮಾನಗಳಲ್ಲಿ ಸಾವಿರಾರು ಗಂಟೆಯ ಅನುಭವ ಕೇಳುತ್ತವೆ.

ಈ ಉದ್ಯಮಕ್ಕೆ ಏರಿಳಿತವೂ ಜಾಸ್ತಿ. 2012ರಲ್ಲಿ ಕಿಂಗ್‌ಫಿಷರ್ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇಯಲ್ಲಿ ಗೋ ಫಸ್ಟ್. ನಡುವೆ ಕೊರೋನಾ. ಪ್ರತಿ ಸಲವೂ ಅನುಭವ ಇದ್ದವರೇ ಬೀದಿಗೆ ಬಂದು, ಹೊಸಬರ ಸಾಲು ಇನ್ನಷ್ಟು ಹಿಂದೆ ಸರಿಯಿತು. ಹಾಗೆಂದು ಇದು ಕೆಟ್ಟ ವೃತ್ತಿ ಎಂದಲ್ಲ. ಸೇರಿದವರಿಗೆ ಶುರುವಿನಲ್ಲೇ ತಿಂಗಳಿಗೆ ಒಂದೆರಡು ಲಕ್ಷ, ಕ್ಯಾಪ್ಟನ್ ಆದರೆ ಅದರ ಹಲವು ಪಟ್ಟು ಸಂಬಳ ಇದೆ. 65ರ ತನಕ ಹಾರಬಹುದು. ಆದರೆ ಮೊದಲ ಕೆಲಸ ಸಿಗುವ ತನಕದ ಎರಡು ಮೂರು ವರ್ಷವನ್ನು ತಡೆದುಕೊಳ್ಳುವ ಶಕ್ತಿ ಮನೆಗೆ ಇದೆಯಾ ಎಂಬುದೇ ಪ್ರಶ್ನೆ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಒಂದೇ. ಜಾಗದ ಪತ್ರ ಹೊರಗೆ ತೆಗೆಯುವ ಮೊದಲು ಕಡಿಮೆ ಖರ್ಚಿನ ಹೆಜ್ಜೆಗಳನ್ನು ಮುಗಿಸಿ.

ಒಂದು, ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇದೆಯಾ ನೋಡಿ. ಕಾಮರ್ಸ್ ಓದಿದವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಬರೆಯಬಹುದು.

ಎರಡು, ಮೆಡಿಕಲ್. ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾನ್ಯ ಮಾಡಿದ ವೈದ್ಯರ ಬಳಿ ಅಥವಾ ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕೇಂದ್ರಗಳಲ್ಲಿ ಇದನ್ನು ಮಾಡಿಸಬೇಕು. ಕನ್ನಡಕ ಇದ್ದರೆ ಆಗುವುದಿಲ್ಲ ಎಂಬುದು ತಪ್ಪು ತಿಳುವಳಿಕೆ, ಮಿತಿಯೊಳಗೆ ಇದ್ದರೆ ತೊಂದರೆ ಇಲ್ಲ. ಬಣ್ಣಗುರುಡು ಇದ್ದರೆ ಮಾತ್ರ ಅಲ್ಲೇ ನಿಂತಿತು. 20 ಲಕ್ಷ ಕಟ್ಟಿದ ಮೇಲೆ ಇದು ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಒಳ್ಳೆಯದು.

ಮೂರು, ಡಿಜಿಸಿಎಯ ಲಿಖಿತ ಪರೀಕ್ಷೆಗಳು. ನ್ಯಾವಿಗೇಷನ್, ಹವಾಮಾನ, ವಿಮಾನಯಾನ ನಿಯಮ, ತಾಂತ್ರಿಕ ವಿಷಯ, ಎಲ್ಲದರಲ್ಲೂ 70 ಅಂಕ ಬೇಕು. ಇವುಗಳಿಗೆ ಹಾರಾಟಕ್ಕಿಂತ ಮೊದಲೇ ಕೂರಬಹುದು. ಕೆಲವು ಲಕ್ಷದೊಳಗೆ ಮುಗಿಯುವ ಈ ಹಂತದಲ್ಲೇ ಹುಡುಗನ ಆಸೆ ಗಟ್ಟಿಯಾ, ಜೊತೆಗಾರರನ್ನು ನೋಡಿ ಬಂದದ್ದಾ ಎಂದು ಮನೆಯವರಿಗೂ ಅವನಿಗೂ ಗೊತ್ತಾಗುತ್ತದೆ.

ನಾಲ್ಕು, ಶಾಲೆಯ ಆಯ್ಕೆ. ಉತ್ತರ ಪ್ರದೇಶದ ಫರ್ಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರದ ಅಕಾಡೆಮಿ ಇದೆ. ನಮ್ಮ ರಾಜ್ಯದ ಜಕ್ಕೂರಿನಲ್ಲಿ 1948ರಿಂದ ಸರಕಾರಿ ವಿಮಾನ ತರಬೇತಿ ಶಾಲೆ ಇದೆ, ಕಲಬುರಗಿ, ಬೆಳಗಾವಿಯಲ್ಲಿ ಖಾಸಗಿಯವರಿಗೆ ಜಾಗ ಕೊಡಲಾಗಿದೆ. 2025ರಿಂದ ಡಿಜಿಸಿಎ ವರ್ಷಕ್ಕೆ ಎರಡು ಬಾರಿ ತರಬೇತಿ ಶಾಲೆಗಳಿಗೆ ದರ್ಜೆ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಎ ಪ್ಲಸ್ ಅಥವಾ ಎ ದರ್ಜೆ ಒಂದು ಶಾಲೆಗೂ ಸಿಗಲಿಲ್ಲ. ಎಷ್ಟು ವಿಮಾನ ಹಾರುವ ಸ್ಥಿತಿಯಲ್ಲಿವೆ, ಹಿಂದಿನ ತಂಡ ಎಷ್ಟು ತಿಂಗಳಲ್ಲಿ ಮುಗಿಸಿತು ಎಂದು ಅಲ್ಲಿ ಕಲಿಯುತ್ತಿರುವ ಮಕ್ಕಳನ್ನೇ ಕೇಳಿ. ಪೂರ್ತಿ ಶುಲ್ಕ ಒಟ್ಟಿಗೆ ಕಟ್ಟಬೇಡಿ, ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಕೊಡಿ. ವಿದೇಶಕ್ಕೆ ಕಳಿಸುವವರು ಅಲ್ಲಿನ ಲೈಸೆನ್ಸನ್ನು ಇಲ್ಲಿ ಭಾರತೀಯ ಲೈಸೆನ್ಸಾಗಿ ಬದಲಾಯಿಸಿಕೊಳ್ಳುವ ಪರೀಕ್ಷೆ, ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

"ಪರೀಕ್ಷೆಯನ್ನು ನಾವು ನೋಡಿಕೊಳ್ತೇವೆ" ಎನ್ನುವ ಏಜೆಂಟ್ ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಬಂಧನಕ್ಕೊಳಗಾದರು. 2010ರ ಮೇ 22ರ ಬೆಳಗ್ಗೆ ಕೆಂಜಾರಿನ ಗುಡ್ಡದ ಕೆಳಗೆ 158 ಜನರನ್ನು ಕಳೆದುಕೊಂಡ ಊರು ನಮ್ಮದು. ಕಾಕ್‌ಪಿಟ್‌ನಲ್ಲಿ ಕೂತವರ ಜವಾಬ್ದಾರಿ ಎಷ್ಟು ದೊಡ್ಡದು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ವಿದ್ಯೆಯಲ್ಲಿ ಅಡ್ಡದಾರಿ ಕೂಡದು.

ಇನ್ನು ಹಣದ ಮಾತು. ಬ್ಯಾಂಕುಗಳು ಶಿಕ್ಷಣ ಸಾಲ ಕೊಡುತ್ತವೆ. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡವು ಕೇಳುತ್ತವೆ. 50 ಲಕ್ಷವನ್ನು ಶೇ. 11ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 69 ಸಾವಿರ ರೂಪಾಯಿ. ಕೆಲಸ ಸಿಗದಿದ್ದರೂ ಅದನ್ನು ಕಟ್ಟಲೇಬೇಕು. ಬಡ್ಡಿ ಎಂಬ ಕಾರಣಕ್ಕೇ ಬ್ಯಾಂಕಿನ ಮೆಟ್ಟಿಲು ಹತ್ತದ ಮನೆಗಳು ನಮ್ಮಲ್ಲಿ ಬಹಳ. ಅವರಿಗೆ ಉಳಿಯುವ ದಾರಿ ಜಾಗ ಮಾರುವುದು, ಉಮ್ಮನ ಚಿನ್ನ ತೆಗೆಯುವುದು. ಆ ಜಾಗದಲ್ಲಿ, ಆ ಚಿನ್ನದಲ್ಲಿ ತಂಗಿಯ ಓದು, ತಮ್ಮನ ಬದುಕು ಕೂಡ ಇದೆ ಎಂಬುದನ್ನು ಮರೆಯಬಾರದು. ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಒಬ್ಬ ಮಗನಿಗೆ ಇಷ್ಟು ದೊಡ್ಡ ಮೊತ್ತ ಕೊಡುವುದಾದರೆ ಎಲ್ಲ ಮಕ್ಕಳ ಎದುರು ಮಾತಾಡಿ, ಸಾಲ ಎಂದು ಬರೆದಿಟ್ಟು ಕೊಡಿ. ಸಾಲವನ್ನು ಬರೆದಿಡಲು ಕುರ್‌ಆನ್ ಹೇಳಿರುವುದು ಮನೆಯೊಳಗಿನ ಸಾಲಕ್ಕೂ ಒಳ್ಳೆಯ ಪಾಠವೇ.

ಈಗ ಸಮುದಾಯಕ್ಕೆ ಒಂದು ಮಾತು. ಹುಡುಗ ಪೈಲಟ್ ಆದ ಸುದ್ದಿ ಬಂದರೆ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಹಿಡಿದು ನಾವೆಲ್ಲ ಹೊರಡುತ್ತೇವೆ. ಅವನ ಫೋಟೋ ಹಾಕುವುದರಲ್ಲಿ ಈ ಪುಟವೂ ಹಿಂದೆ ಬಿದ್ದಿಲ್ಲ. ಅವನ ಮನೆಯವರು ಕೊನೆಯ ಎಂಟು ಲಕ್ಷಕ್ಕೆ ಅಲೆಯುತ್ತಿದ್ದಾಗ ನಾವು ಎಲ್ಲಿದ್ದೆವು? ಲೈಸೆನ್ಸ್ ಇದ್ದೂ ಕೆಲಸ ಸಿಗದೆ, ನೆಂಟರ ಮದುವೆಗೆ ಹೋಗಲು ನಾಚುವ ಹುಡುಗರ ಬಗ್ಗೆ ನಾವು ಒಂದು ಸಾಲನ್ನೂ ಬರೆದಿಲ್ಲ.

ಹೈದರಾಬಾದ್‌ನ ಸೈಯದಾ ಸಲ್ವಾ ಫಾತಿಮಾ ಬೇಕರಿ ಕೆಲಸಗಾರರೊಬ್ಬರ ಮಗಳು. ಅವರ ಕನಸಿಗೆ ಕೈ ಹಿಡಿದವರು ಅಲ್ಲಿನ ಉರ್ದು ದೈನಿಕ 'ಸಿಯಾಸತ್'ನ ಸಂಪಾದಕ ಝಾಹಿದ್ ಅಲಿ ಖಾನ್. 2013ರಲ್ಲಿ ಲೈಸೆನ್ಸ್ ಸಿಕ್ಕಿದ ಮೇಲೂ ಮುಂದಿನ ತರಬೇತಿಗೆ ಹಣವಿಲ್ಲದೆ ಅವರು ಕಾಯಬೇಕಾಯಿತು. ಆಮೇಲೆ ತೆಲಂಗಾಣ ಸರಕಾರ ನೆರವಾಯಿತು. ದೇಶದ ಪೈಲಟ್‌ಗಳಲ್ಲಿ ಸುಮಾರು ಶೇ. 15 ಮಹಿಳೆಯರು ಇರುವಾಗ ನಮ್ಮ ಹೆಣ್ಣುಮಕ್ಕಳಿಗೂ ಈ ದಾರಿ ತೆರೆದೇ ಇದೆ.

ನಮ್ಮ ಜಮಾಅತ್‌ಗಳು, ಗಲ್ಫ್‌ನಲ್ಲಿರುವ ನಮ್ಮ ಸಂಘಗಳು ಮನಸ್ಸು ಮಾಡಿದರೆ ಇದು ಕಷ್ಟವಲ್ಲ. ನೂರು ಮಂದಿ ತಿಂಗಳಿಗೆ 2,000 ರೂಪಾಯಿಯಂತೆ ಎರಡು ವರ್ಷ ಕೂಡಿಸಿದರೆ 48 ಲಕ್ಷ. ಅದು ಬಡ್ಡಿಯಿಲ್ಲದ ಸಾಲವಾಗಿರಲಿ. ಕ್ಲಾಸ್ 1 ಮೆಡಿಕಲ್, ಲಿಖಿತ ಪರೀಕ್ಷೆ ಮುಗಿಸಿದವರಿಗೆ ಮಾತ್ರ, ಹಾರಿದ ಗಂಟೆ ನೋಡಿ ಕಂತಿನಲ್ಲಿ ಸಿಗಲಿ. ಕೆಲಸ ಸಿಕ್ಕಿದ ಮೇಲೆ ತೀರಿಸಿದ ಹಣ ಮುಂದಿನವರಿಗೆ ಹೋಗಲಿ. ಬಡವರ ಹಕ್ಕಾದ ಝಕಾತನ್ನು ಇದಕ್ಕೆ ಮುಟ್ಟುವುದು ಬೇಡ. "ಒಬ್ಬ ಪೈಲಟ್‌ನ ಹಣದಲ್ಲಿ ಇಪ್ಪತ್ತು ಮಕ್ಕಳನ್ನು ಓದಿಸಬಹುದಲ್ಲ?" ಎಂದು ಕೇಳುವವರ ಮಾತಿನಲ್ಲೂ ನ್ಯಾಯ ಉಂಟು. ಅದಕ್ಕೇ ಇದು ದಾನವಾಗದೆ ತಿರುಗಿ ಬರುವ ಸಾಲವಾಗಬೇಕು ಎನ್ನುತ್ತಿದ್ದೇವೆ.

ವಿಮಾನದ ಮೇಲೆ ಪ್ರೀತಿ ಇರುವ ಎಲ್ಲರೂ ಪೈಲಟ್ಟೇ ಆಗಬೇಕೆಂದಿಲ್ಲ. ವಿಮಾನ ನಿರ್ವಹಣಾ ಇಂಜಿನಿಯರ್ ಕೋರ್ಸಿಗೆ ಇದರ ಒಂದು ಸಣ್ಣ ಪಾಲು ಹಣ ಸಾಕು. ಬಿಎಸ್ಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿದವರು ಅಥವಾ ಇಂಜಿನಿಯರಿಂಗ್ ಮುಗಿಸಿದವರು ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆದು ಏರ್ ಟ್ರಾಫಿಕ್ ಕಂಟ್ರೋಲ್ ಕೆಲಸಕ್ಕೆ ಸೇರಬಹುದು. ಮರ್ಯಾದೆಯ ಕೆಲಸ, ಒಳ್ಳೆಯ ಸಂಬಳ.

ಈ ರಜೆಯಲ್ಲಿ ಮಗನೋ ಮಗಳೋ ಪೈಲಟ್ ಆಗುತ್ತೇನೆ ಎಂದರೆ ಬೈಯಬೇಡಿ, ಬ್ರೋಕರನಿಗೂ ಫೋನ್ ಮಾಡಬೇಡಿ. ಮೊದಲು ಮೆಡಿಕಲ್‌ಗೆ ಕರೆದುಕೊಂಡು ಹೋಗಿ. ಅಲ್ಲಿ ಪಾಸಾದರೆ ಪುಸ್ತಕ ತೆಗೆದುಕೊಡಿ. ಪರೀಕ್ಷೆಗಳೂ ಮುಗಿದರೆ ನಿಮ್ಮ ಜಮಾಅತ್‌ನ ಬಾಗಿಲು ತಟ್ಟಿ. ಆಗ ಆ ಬಾಗಿಲು ತೆರೆಯುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ. ಜಾಗದ ಪತ್ರ ಅಲ್ಲಿವರೆಗೆ ಕಪಾಟಿನಲ್ಲೇ ಇರಲಿ.