ಮಟ್ಟು ಉಳಿಯಬೇಕು

ಚಿಂತಾಮಣಿಯ ಸಮೀಪದಲ್ಲಿರುವ ಕೈವಾರವು ಯೋಗಿ ನಾರೇಯಣ ಯತೀಂದ್ರರ ಊರು. ಜನರು ಅವರನ್ನು ಭಕ್ತಿಯಿಂದ ಕೈವಾರ ತಾತಯ್ಯನವರೆಂದು ಕರೆಯುತ್ತಾರೆ. ಬಳೆಯ ವ್ಯಾಪಾರ ಮಾಡಿಕೊಂಡಿದ್ದ ಅವರು ಮುಂದೆ ಯೋಗಿಗಳಾಗಿ ಕನ್ನಡ, ತೆಲುಗುಗಳೆರಡರಲ್ಲಿಯೂ ಕೀರ್ತನೆಗಳನ್ನು ರಚಿಸಿದರು. 1726ರಲ್ಲಿ ಜನಿಸಿ 1836ರವರೆಗೆ ಬಾಳಿದರೆಂಬುದು ಪರಂಪರೆಯ ನಂಬಿಕೆ.

ಅವರು ಕೂಸಾಗಿದ್ದ ಕಾಲದಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಎಂಬ ಸಂಗೀತಗಾರನು ಏಸುವಿನ ಯಾತನೆಯನ್ನು ಕುರಿತ ಮಹಾಗಾನವೊಂದನ್ನು ರಚಿಸಿದನು. ಯೂರೋಪಿನಲ್ಲಿ ಆ ಕಾಲದ ಸಂಗೀತಕ್ಕೆ ಬರೋಕ್ ಸಂಗೀತವೆಂದು ಹೆಸರು. ಬಾಖ್ 1750ರಲ್ಲಿ ತೀರಿಕೊಂಡನು. ಆ ಗಾನವೂ ಬಹುಮಟ್ಟಿಗೆ ಮರೆತುಹೋಯಿತು. ಆದರೆ 1829ರಲ್ಲಿ ಇಪ್ಪತ್ತರ ಹರೆಯದ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಅದನ್ನು ಮತ್ತೆ ಹಾಡಿಸಿದನು. ಬಾಖ್ ಪ್ರತಿಯೊಂದು ಕಂಠಕ್ಕೂ ವಾದ್ಯಕ್ಕೂ ಸ್ವರಗಳನ್ನು ಬರೆದಿಟ್ಟಿದ್ದುದರಿಂದಲೇ ಇದು ಸಾಧ್ಯವಾಯಿತು.

ನಮ್ಮ ಸ್ಥಿತಿ ಬೇರೆ. ಹದಿನಾರನೆಯ ಶತಮಾನದ ಪುರಂದರದಾಸರ ಪದಗಳ ಸಾಹಿತ್ಯ ಉಳಿದಿದೆ. ಅವರೇ ಹಾಡಿದ ಮಟ್ಟುಗಳು ಬಹುಪಾಲು ಅಳಿದಿವೆ. ಇಂದು ನಾವು ಕೇಳುವ ಎಷ್ಟೋ ಧಾಟಿಗಳು ಅನಂತರದವರು ಕೂಡಿಸಿದವು. ತಾತಯ್ಯನವರ ಕೀರ್ತನೆಗಳೂ ಅಚ್ಚಾಗಿವೆ. ಆದರೆ ಹಳ್ಳಿಯ ಭಜನೆಯ ಹಿರಿಯರ ಕಂಠದಲ್ಲಿರುವ ಮಟ್ಟು ಅಚ್ಚಿನ ಪುಟದಲ್ಲಿ ಸಿಗುವುದಿಲ್ಲ. ಕಲಿಯುವವರಿಲ್ಲದಿದ್ದರೆ ಅದು ಅವರೊಡನೆಯೇ ಹೋಗುತ್ತದೆ.

ನಮ್ಮ ಸಂಗೀತ ಗುರುಮುಖದಿಂದ ಬರಬೇಕಾದದ್ದು, ಗಮಕವನ್ನು ಬರೆದಿಡಲು ಬಾರದು ಎಂದು ಕೆಲವರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಬರೋಕ್ ಸಂಗೀತಗಾರರೂ ಎಲ್ಲವನ್ನೂ ಬರೆಯಲಿಲ್ಲ. ಎಷ್ಟೋ ಕಡೆ ಕೆಳಗಿನ ಸ್ವರವನ್ನೂ ಕೆಲವು ಅಂಕಿಗಳನ್ನೂ ಬರೆದು, ಉಳಿದುದನ್ನು ನುಡಿಸುವವನ ವಿದ್ವತ್ತಿಗೆ ಬಿಟ್ಟರು. ನಮ್ಮಲ್ಲಿಯೂ ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೆ ಚಿಹ್ನೆಗಳನ್ನು ಕೊಟ್ಟು, ಮುತ್ತುಸ್ವಾಮಿ ದೀಕ್ಷಿತರ ಕೃತಿಗಳನ್ನು ಸ್ವರಸಹಿತವಾಗಿ ಉಳಿಸಿದರು. ಬರಹವು ಗುರುವಿನ ಸ್ಥಾನವನ್ನು ಕಸಿದುಕೊಳ್ಳುವುದಿಲ್ಲ. ಗುರುವಿಲ್ಲದ ಕಾಲಕ್ಕೆ ಆಸರೆಯಾಗುತ್ತದೆ.

ಆದುದರಿಂದ ಈ ಕೆಲಸವನ್ನು ಪಂಡಿತರಿಗೇ ಬಿಟ್ಟು ಕುಳಿತುಕೊಳ್ಳಬಾರದು. ಶಿಡ್ಲಘಟ್ಟವಾಗಲಿ, ಗೌರಿಬಿದನೂರಾಗಲಿ, ನಿಮ್ಮ ಊರಿನಲ್ಲಿ ಭಜನೆ ನಡೆಯುವೆಡೆಗೆ ಹೋಗಿರಿ. ಹಿರಿಯರ ಅನುಮತಿ ಪಡೆದು ಅವರ ಹಾಡನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿರಿ. ಹಾಡಿದವರ ಹೆಸರು, ಊರು, ತಾಳ, ಅವರು ಯಾರಿಂದ ಕಲಿತರೆಂಬುದು, ಇವಿಷ್ಟನ್ನು ಬರೆದಿಡಿರಿ. ಸ್ವರ ಬಲ್ಲವರಿದ್ದರೆ ಸ್ವರವನ್ನೂ ಬರೆಯಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಹಾಡನ್ನಾದರೂ ಅವರ ಎದುರಿಗೆ ಕುಳಿತು ಕಲಿಯಿರಿ.